ಪುಡಿ ಕಲ್ಲಿದ್ದಲಿನ ನೊರೆ ತೇಲಿಕೆ: ದೋಷ ಪತ್ತೆ ಮತ್ತು ನಿವಾರಣೆಯ ಕೈಪಿಡಿ

ಜಾರ್ಖಂಡಿನ ಝರಿಯಾ ಮತ್ತು ಬೊಕಾರೊ ಪ್ರದೇಶಗಳಲ್ಲಿ ಕೋಕಿಂಗ್ ಕಲ್ಲಿದ್ದಲನ್ನು (ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕ್ ಆಗಬಲ್ಲ ಕಲ್ಲಿದ್ದಲನ್ನು) ತೊಳೆಯುವ ವಾಷರಿಗಳು 1950ರ ದಶಕದ ಆರಂಭದಿಂದಲೂ ಇವೆ. ದಪ್ಪ ಕಲ್ಲಿದ್ದಲನ್ನು ಅಲ್ಲಿ ಮ್ಯಾಗ್ನಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರಿನ ಪುಡಿ) ಬೆರೆಸಿದ ಭಾರದ ದ್ರವದಲ್ಲಿ, ಸಾಂದ್ರತೆಯ ವ್ಯತ್ಯಾಸದ ಬಲದಿಂದ, ಕಲ್ಲಿನಿಂದ ಬೇರ್ಪಡಿಸುತ್ತಾರೆ. ಅರ್ಧ ಮಿಲಿಮೀಟರಿಗಿಂತ ಸಣ್ಣದಾದ ಪುಡಿಗೆ ಆ ವಿಧಾನ ಸುಲಭವಾಗಿ ಒಗ್ಗದು, ಏಕೆಂದರೆ ಅಷ್ಟು ಸಣ್ಣ ಕಣಗಳು ಸಾಂದ್ರತೆಗೆ ತಕ್ಕಂತೆ ಮುಳುಗಲು ಅಥವಾ ತೇಲಲು ಬೇಕಾಗುವ ಸಮಯ ಯಂತ್ರದಲ್ಲಿ ಸಿಗುವುದಿಲ್ಲ. ಆದ್ದರಿಂದ ಪುಡಿಯನ್ನು ಮೇಲ್ಮೈ ಗುಣದ ಆಧಾರದಲ್ಲಿ ಬೇರ್ಪಡಿಸಲಾಗುತ್ತದೆ: ಡೀಸೆಲ್ ಎಣ್ಣೆಯ ತೆಳು ಲೇಪ ಪಡೆದ ಕಲ್ಲಿದ್ದಲಿನ ಕಣ ನೀರನ್ನು ಬಿಟ್ಟು ಗಾಳಿಗುಳ್ಳೆಗೆ ಅಂಟಿಕೊಂಡು ನೊರೆಯೊಂದಿಗೆ ಮೇಲೇರುತ್ತದೆ, ಶೇಲ್ ಮತ್ತು ಜೇಡಿಯ ಕಣಗಳು ನೀರಿನಲ್ಲೇ ಉಳಿದು ಟೇಲಿಂಗ್ಸ್ ಆಗಿ ಹೊರಬೀಳುತ್ತವೆ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲದಿದ್ದರೂ ಸುರತ್ಕಲ್ಲಿನಂಥ ಕಡೆ ಗಣಿ ಎಂಜಿನಿಯರಿಂಗ್ ಓದಿ ಧನಬಾದ್ ಕಡೆಗೆ ಕೆಲಸಕ್ಕೆ ಹೋಗುವ ಕನ್ನಡಿಗರಿದ್ದಾರೆ. ಪಾಳಿಯ ಹೊಣೆ ಹೊತ್ತ ಅಂಥವರಿಗೆ, ತೇಲಿಕೆ ವಿಭಾಗ ಸರಿಯಾಗಿ ಕೆಲಸ ಮಾಡದಿದ್ದಾಗ ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನು ಈ ಬರಹ ತಿಳಿಸುತ್ತದೆ. ತೇಲಿಕೆ ನಡೆಯುವ ತೊಟ್ಟಿಗಳಾದ ಸೆಲ್‌ಗಳ ವಿನ್ಯಾಸವಾಗಲಿ, ಹೊಸ ಘಟಕದ ಸ್ಥಾಪನೆಯಾಗಲಿ ಇದರ ವ್ಯಾಪ್ತಿಗೆ ಬರುವುದಿಲ್ಲ.

ವಿಭಾಗದಿಂದ ಬರುವ ದೂರುಗಳು ಮುಖ್ಯವಾಗಿ ಎರಡೇ. ತೊಳೆದ ಕಲ್ಲಿದ್ದಲಿನ ಬೂದಿ, ಅಂದರೆ ಸುಟ್ಟಾಗ ಉಳಿಯುವ ಖನಿಜದ ಪಾಲು, ಹೆಚ್ಚಾಯಿತು ಎಂಬುದು ಒಂದು. ಟೇಲಿಂಗ್ಸ್ ಕಪ್ಪಗಾಗಿದೆ, ಇಳುವರಿ ಬಿದ್ದಿದೆ ಎಂಬುದು ಇನ್ನೊಂದು. ಎರಡರಲ್ಲಿ ಯಾವುದೇ ಬಂದರೂ ಆಪರೇಟರನ ಕೈ ಮೊದಲು ಹೋಗುವುದು ನೊರೆ ಬರಿಸುವ ರಾಸಾಯನಿಕವಾದ ಫ್ರಾದರಿನ ವಾಲ್ವಿಗೆ. ಈ ಅಭ್ಯಾಸವನ್ನು ಮೊದಲು ಬಿಡಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಫ್ರಾದರ್ ಹೆಚ್ಚಿಸಿದರೆ ನೊರೆ ಕೂಡಲೇ ಉಕ್ಕಿ ಬರುವುದರಿಂದ ದೋಷ ಸರಿಹೋದಂತೆ ಕಾಣುತ್ತದೆ. ವಾಸ್ತವದಲ್ಲಿ ನೊರೆಯ ಜೊತೆ ಹೆಚ್ಚು ನೀರು, ನೀರಿನ ಜೊತೆ ಹೆಚ್ಚು ಜೇಡಿ ಮೇಲೆ ಬಂದು, ಮೂಲ ಕಾರಣದ ಗುರುತು ಅಳಿಸಿಹೋಗುತ್ತದೆ. ಅರ್ಧ ಗಂಟೆಯ ಬಳಿಕ ಬರುವ ಎಂಜಿನಿಯರನಿಗೆ ಒಂದರ ಬದಲು ಎರಡು ದೋಷಗಳು ಎದುರಾಗುತ್ತವೆ. ವಾಲ್ವ್ ಮುಟ್ಟುವ ಮೊದಲೇ ಮಾದರಿ ತೆಗೆಯಬೇಕು.

ಮಾದರಿ ಮತ್ತು ಬೂದಿಯ ಲೆಕ್ಕ

ಫೀಡ್ (ತೇಲಿಕೆಗೆ ಒಳಬರುವ ಪುಡಿ ಬೆರೆತ ನೀರು), ತೊಳೆದ ಕಲ್ಲಿದ್ದಲು ಮತ್ತು ಟೇಲಿಂಗ್ಸ್ ಈ ಮೂರರಿಂದಲೂ ಒಂದೇ ಅವಧಿಯಲ್ಲಿ, ಹರಿವಿನ ಪೂರ್ತಿ ಅಗಲವನ್ನು ಕತ್ತರಿಸುವಂತೆ, ಹಲವು ಬಾರಿ ಮಾದರಿ ಹಿಡಿದು ಕೂಡಿಸಬೇಕು. ಟೇಲಿಂಗ್ಸ್ ಪೆಟ್ಟಿಗೆಯ ಮೇಲ್ಭಾಗದಿಂದ ಮಗ್ಗಿನಲ್ಲಿ ತುಂಬಿಕೊಂಡ ಮಾದರಿ ಉಪಯೋಗಕ್ಕೆ ಬಾರದು, ಏಕೆಂದರೆ ಅಲ್ಲಿ ದಪ್ಪ ಕಣಗಳು ತಳದಲ್ಲಿ ಕುಳಿತಿರುತ್ತವೆ ಮತ್ತು ಮೇಲೆ ಬರೀ ಜೇಡಿನೀರು ನಿಂತಿರುತ್ತದೆ. ಅಂಥ ಮಾದರಿಯ ಬೂದಿ ಯಾವಾಗಲೂ ಹೆಚ್ಚಾಗಿ, ನಷ್ಟವಿಲ್ಲವೆಂಬಂತೆ ಹಿತವಾಗಿಯೇ ಬರುತ್ತದೆ. ಬೂದಿಯನ್ನು ಭಾರತೀಯ ಮಾನಕದಂತೆ 815 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಟ್ಟು ಅಳೆಯಲಾಗುತ್ತದೆ. ಕುಲುಮೆಯ ಉಷ್ಣತೆ ಸರಿಯಿದೆಯೇ ಎಂಬ ಪರಿಶೀಲನೆಯೂ ದೋಷ ಪತ್ತೆಯ ಭಾಗವೇ.

ಮೂರು ಬೂದಿಗಳು ಸಿಕ್ಕರೆ ತೂಕ ಮಾಡದೆಯೇ ಇಳುವರಿ ಲೆಕ್ಕ ಹಾಕಬಹುದು. ಟೇಲಿಂಗ್ಸಿನ ಬೂದಿಯಿಂದ ಫೀಡಿನ ಬೂದಿಯನ್ನು ಕಳೆದು, ಅದನ್ನು ಟೇಲಿಂಗ್ಸ್ ಮತ್ತು ತೊಳೆದ ಕಲ್ಲಿದ್ದಲಿನ ಬೂದಿಗಳ ವ್ಯತ್ಯಾಸದಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಉದಾಹರಣೆಗೆ ಫೀಡ್ ಶೇ. 26, ತೊಳೆದ ಕಲ್ಲಿದ್ದಲು ಶೇ. 17, ಟೇಲಿಂಗ್ಸ್ ಶೇ. 50 ಇದ್ದರೆ, 24ನ್ನು 33ರಿಂದ ಭಾಗಿಸಿದಾಗ ಇಳುವರಿ ಸುಮಾರು ಶೇ. 72.7 ಆಗುತ್ತದೆ. ಫೀಡಿನಲ್ಲಿದ್ದ ಉರಿಯುವ ಅಂಶದ ಶೇ. 81.6ರಷ್ಟು ನಮ್ಮ ಕೈಗೆ ಬಂದಿದೆ ಎಂದರ್ಥ. ಉಳಿದ ಎರಡೂ ಹಾಗೆಯೇ ಇದ್ದು ಟೇಲಿಂಗ್ಸಿನ ಬೂದಿ ಮಾತ್ರ ಶೇ. 38ಕ್ಕೆ ಇಳಿದರೆ ಇಳುವರಿ ಶೇ. 57ಕ್ಕೂ, ಉರಿಯುವ ಅಂಶದ ಗಳಿಕೆ ಶೇ. 64ಕ್ಕೂ ಕುಸಿಯುತ್ತದೆ. ತೊಳೆದ ಕಲ್ಲಿದ್ದಲಿನ ಬೂದಿಯನ್ನಷ್ಟೇ ನೋಡುವ ಪಾಳಿಗೆ ಈ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಭಾರದ ದ್ರವದ ವಿಭಾಗದಲ್ಲಿ ತೊಳೆ ಜರಡಿಯ ನೀರು ಕಡಿಮೆಯಾದರೂ, ಮ್ಯಾಗ್ನಟೈಟನ್ನು ಮರಳಿ ಹಿಡಿಯುವ ಮ್ಯಾಗ್ನೆಟಿಕ್ ಸೆಪರೇಟರ್ ಕೆಟ್ಟರೂ, ಮ್ಯಾಗ್ನಟೈಟ್ ಪುಡಿಯ ಜೊತೆ ಸೇರಿ ತೇಲಿಕೆಗೆ ಬರುತ್ತದೆ. ಅದು ತೇಲುವುದಿಲ್ಲ, ಸುಟ್ಟರೆ ಪೂರ್ತಿಯಾಗಿ ಬೂದಿಯ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಟೇಲಿಂಗ್ಸಿನಲ್ಲಿ ಒಳ್ಳೆಯ ಕಲ್ಲಿದ್ದಲು ಹೋಗುತ್ತಿದ್ದರೂ ಬೂದಿಯ ಅಂಕಿ ಎತ್ತರದಲ್ಲೇ ಉಳಿದು ನಷ್ಟವನ್ನು ಮುಚ್ಚಿಡುತ್ತದೆ. ಒಣಗಿಸಿದ ಟೇಲಿಂಗ್ಸಿನ ಮೇಲೆ ಕಾಗದದಲ್ಲಿ ಸುತ್ತಿದ ಕೈ ಅಯಸ್ಕಾಂತವನ್ನು ಆಡಿಸಿದರೆ ಎರಡೇ ನಿಮಿಷದಲ್ಲಿ ವಿಷಯ ತಿಳಿಯುತ್ತದೆ.

ಕಣದ ಗಾತ್ರಕ್ಕೆ ತಕ್ಕಂತೆ ಬೂದಿ

ದೋಷ ಪತ್ತೆಯಲ್ಲಿ ಒಂದೇ ಒಂದು ಪರೀಕ್ಷೆಗೆ ಅವಕಾಶವಿದೆ ಎಂದಾದರೆ ನಾನು ಆರಿಸುವುದು ಇದನ್ನೇ. ಟೇಲಿಂಗ್ಸ್ ಮತ್ತು ತೊಳೆದ ಕಲ್ಲಿದ್ದಲನ್ನು ಒದ್ದೆ ಜರಡಿಯಲ್ಲಿ 0.25, 0.125 ಮತ್ತು 0.063 ಮಿ.ಮೀ. ಗಾತ್ರಗಳಲ್ಲಿ ಬೇರ್ಪಡಿಸಿ ಪ್ರತಿಯೊಂದು ಭಾಗದ ತೂಕ ಮತ್ತು ಬೂದಿ ತೆಗೆಯಬೇಕು. ಒಟ್ಟು ಬೂದಿಯ ಒಂದೇ ಅಂಕಿ ಹತ್ತಾರು ಕಾರಣಗಳಿಗೆ ಹೊಂದುತ್ತದೆ; ಗಾತ್ರವಾರು ಬೂದಿ ಹಾಗಲ್ಲ, ಅದು ಬಹುತೇಕ ಕಾರಣಗಳನ್ನು ಒಮ್ಮೆಗೇ ಪಟ್ಟಿಯಿಂದ ತೆಗೆದುಹಾಕುತ್ತದೆ.

ಟೇಲಿಂಗ್ಸಿನ 0.25 ಮಿ.ಮೀ.ಗಿಂತ ದಪ್ಪನೆಯ ಭಾಗದಲ್ಲಿ ಬೂದಿ ಶೇ. 18, ಅತಿ ಸಣ್ಣ ಭಾಗದಲ್ಲಿ ಶೇ. 60 ಬಂದಿತೆನ್ನಿ. ಆಗ ಸಣ್ಣ ಕಣಗಳು ಚೆನ್ನಾಗಿ ತೇಲುತ್ತಿವೆ, ದಪ್ಪ ಕಣಗಳು ಮಾತ್ರ ಉದುರಿಹೋಗುತ್ತಿವೆ. ಕಾರಣ ಎಣ್ಣೆಯ ಕೊರತೆ, ಸೆಲ್ಲಿನೊಳಗೆ ತಿರುಗುವ ರೋಟರಿನ ಅತಿಯಾದ ಕಲಕು, ತೀರಾ ಆಳವಾದ ನೊರೆ, ಇಲ್ಲವೇ ಸೆಲ್ಲಿಗೆ ಬರಬಾರದಷ್ಟು ದಪ್ಪ ಕಣಗಳು ಬರುತ್ತಿರುವುದು. ಕೊನೆಯದನ್ನು ಫೀಡನ್ನು 0.5 ಮಿ.ಮೀ. ಜರಡಿಯಲ್ಲಿ ಹಾಯಿಸಿ ತಿಳಿಯಬಹುದು. ಜರಡಿಯ ಮೇಲೆ ಗಣನೀಯ ಪ್ರಮಾಣ ಉಳಿದರೆ, ಹಿಂದಿನ ಹಂತದ ಸೀವ್ ಬೆಂಡ್ (ಬಾಗಿದ ಜರಡಿ) ಹರಿದಿದೆ ಅಥವಾ ನೀರಿನ ಸುಳಿಯಿಂದ ಕಣಗಳನ್ನು ಗಾತ್ರವಾರು ಬೇರ್ಪಡಿಸುವ ವರ್ಗೀಕರಣ ಸೈಕ್ಲೋನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಅಂಥ ದೋಷವನ್ನು ತೇಲಿಕೆ ವಿಭಾಗದಲ್ಲಿ ಎಷ್ಟು ಹುಡುಕಿದರೂ ಸಿಗದು.

ಎಲ್ಲ ಗಾತ್ರಗಳಲ್ಲಿಯೂ ಟೇಲಿಂಗ್ಸಿನ ಬೂದಿ ಒಟ್ಟಾಗಿ ಇಳಿದಿದ್ದರೆ ಎಣ್ಣೆ ಅಥವಾ ಫ್ರಾದರ್ ನಿಂತಿದೆ, ಗಾಳಿ ಕಡಿಮೆಯಾಗಿದೆ, ಹರಿವು ಮಿತಿಮೀರಿದೆ, ಇಲ್ಲವೇ ಕಲ್ಲಿದ್ದಲೇ ಉತ್ಕರ್ಷಣಗೊಂಡು ತೇಲುವ ಗುಣ ಕಳೆದುಕೊಂಡಿದೆ. ಅತಿ ಸಣ್ಣ ಭಾಗದಲ್ಲಿ ಮಾತ್ರ ಬೂದಿ ಇಳಿದಿದ್ದರೆ ಗುಳ್ಳೆಗಳ ಸಂಖ್ಯೆ ಸಾಲದಾಗಿದೆ ಅಥವಾ ನೀರಿನಲ್ಲಿ ಏನೋ ಸೇರಿದೆ ಎಂದು ತಿಳಿಯಬೇಕು.

ತೊಳೆದ ಕಲ್ಲಿದ್ದಲನ್ನೂ ಹೀಗೆಯೇ ಓದಬೇಕು. ದಪ್ಪ ಭಾಗಗಳಲ್ಲಿ ಬೂದಿ ಶೇ. 13ರಿಂದ 15, ಅತಿ ಸಣ್ಣ ಭಾಗದಲ್ಲಿ ಶೇ. 28 ಇದ್ದರೆ ಜೇಡಿ ನೀರಿನ ಜೊತೆ ನೊರೆಗೆ ಹೊಕ್ಕಿದೆ. ಎಲ್ಲ ಭಾಗಗಳೂ ಸಮನಾಗಿ ಏರಿದ್ದರೆ, ಕಲ್ಲಿದ್ದಲು ಮತ್ತು ಕಲ್ಲು ಒಂದೇ ಕಣದಲ್ಲಿ ಬೆಸೆದುಕೊಂಡಿರುವ ಕಲ್ಲಿದ್ದಲು ಬರುತ್ತಿದೆ, ಅಥವಾ ಎಣ್ಣೆ ಹೆಚ್ಚಾಗಿ ಅಂಥ ಬೆಸುಗೆ ಕಣಗಳೂ ತೇಲುತ್ತಿವೆ. ಝರಿಯಾದಂಥ ಕಡೆ ಸಿಗುವ ಗೊಂಡ್ವಾನ ಕಲ್ಲಿದ್ದಲಿನಲ್ಲಿ ಖನಿಜ ಅಂಶ ಬಹಳ ನುಣ್ಣಗೆ ಹರಡಿಕೊಂಡಿರುವುದರಿಂದ ಬೆಸುಗೆ ಕಣಗಳ ಸಾಧ್ಯತೆಯನ್ನು ಎಂದೂ ಬದಿಗಿಡಬಾರದು.

ಬೂದಿ ಏರಿದಾಗ

ಜೇಡಿ ನೊರೆಗೆ ಬರುವುದು ಗುಳ್ಳೆಗೆ ಅಂಟಿಕೊಂಡು ಅಲ್ಲ. ಗುಳ್ಳೆಗಳ ನಡುವಿನ ನೀರಿನಲ್ಲಿ ತೇಲಾಡುತ್ತ ಬರುತ್ತದೆ. ಆದ್ದರಿಂದ ನೊರೆ ಎಷ್ಟು ನೀರನ್ನು ಹೊತ್ತು ತರುತ್ತಿದೆ ಎಂಬುದನ್ನೇ ಮೊದಲು ಅಳೆಯಬೇಕು. ನೊರೆಯನ್ನು ಸಂಗ್ರಹಿಸುವ ಕಾಲುವೆಯಾದ ಲಾಂಡರಿಗೆ ಬೀಳುವ ನೊರೆಯ ಘನಾಂಶ ತೂಕದಲ್ಲಿ ಶೇ. 25 ಇದ್ದರೆ ಒಂದು ಟನ್ ಕಲ್ಲಿದ್ದಲಿನ ಜೊತೆ 3 ಟನ್ ನೀರು ಬರುತ್ತಿದೆ. ಅದು ಶೇ. 12.5ಕ್ಕೆ ಇಳಿದರೆ 7 ಟನ್ ನೀರು ಬರುತ್ತದೆ, ಅದರೊಡನೆ ಬರುವ ಜೇಡಿಯೂ ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ತಿಳಿಬೂದು ಬಣ್ಣದ, ತೀರಾ ಸಣ್ಣ ಗುಳ್ಳೆಗಳ, ಅಂಚಿನ ಮೇಲೆ ಹಾಲಿನಂತೆ ಹರಿಯುವ ನೊರೆ ಈ ಸ್ಥಿತಿಯ ಗುರುತು. ಚೆನ್ನಾಗಿ ನಡೆಯುವ ಸೆಲ್ಲಿನ ನೊರೆ ಕಪ್ಪಗೆ ಹೊಳೆಯುತ್ತದೆ, ಗುಳ್ಳೆಗಳು ಬೇರೆ ಬೇರೆ ಗಾತ್ರದವಾಗಿರುತ್ತವೆ, ಲಾಂಡರಿಗೆ ಬಿದ್ದೊಡನೆ ಬಹುಪಾಲು ಒಡೆಯುತ್ತವೆ.

ಪರಿಹಾರದ ಕ್ರಮ ಹೀಗಿರಬೇಕು. ಫ್ರಾದರನ್ನು ಸ್ವಲ್ಪ ಇಳಿಸಿ ನೋಡಬೇಕು. ಪಲ್ಪಿನ, ಅಂದರೆ ಸೆಲ್ಲಿನಲ್ಲಿರುವ ಪುಡಿ ಬೆರೆತ ನೀರಿನ, ಮಟ್ಟವನ್ನು ತಗ್ಗಿಸಿ ನೊರೆಯ ಪದರವನ್ನು ದಪ್ಪಗೊಳಿಸಿ, ನೀರು ಕೆಳಗೆ ಬಸಿದುಹೋಗಲು ಅವಕಾಶ ಕೊಡಬೇಕು. ಫೀಡಿನ ಘನಾಂಶವನ್ನು ಅಳೆದು, ಅದು ಶೇ. 10ನ್ನು ಮೀರಿದ್ದರೆ ತೆಳುಗೊಳಿಸಬೇಕು, ಏಕೆಂದರೆ ಪಲ್ಪಿನಲ್ಲಿ ಜೇಡಿ ಹೆಚ್ಚು ಮಂದವಾಗಿದ್ದಷ್ಟೂ ಪ್ರತಿ ಲೀಟರ್ ನೀರು ತರುವ ಬೂದಿ ಹೆಚ್ಚು. ಆದರೆ ತೆಳುಗೊಳಿಸಿದರೆ ಹರಿವಿನ ಪರಿಮಾಣ ಏರಿ ಸೆಲ್ಲಿನಲ್ಲಿ ಕಣಕ್ಕೆ ಸಿಗುವ ಸಮಯ ಇಳಿಯುತ್ತದೆ ಎಂಬುದನ್ನು ಮರೆಯಬಾರದು.

ಕಾಲಮ್ (ರೋಟರಿಲ್ಲದ ಎತ್ತರದ ತೇಲಿಕೆ ಸೆಲ್) ಇರುವ ಕಡೆ ತೊಳೆನೀರಿನ ವ್ಯವಸ್ಥೆಯನ್ನು ಮೊದಲು ಪರಿಶೀಲಿಸಬೇಕು. ನೊರೆಯ ಮೇಲೆ ಸುರಿಯುವ ನೀರು ಕೆಳಮುಖವಾಗಿ ಹರಿದು ಜೇಡಿಯನ್ನು ಹಿಂದಕ್ಕೆ ತಳ್ಳಬೇಕಾದರೆ ಟೇಲಿಂಗ್ಸಿನ ನೀರಿನ ಹರಿವು ಫೀಡಿನ ನೀರಿನ ಹರಿವಿಗಿಂತ ಹೆಚ್ಚಾಗಿರಲೇಬೇಕು. ಎರಡೂ ಅಳತೆಗಳನ್ನು ಹೋಲಿಸಿದರೆ ಸಾಕು, ತೊಳೆತ ನಡೆಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ವಿತರಣಾ ತಟ್ಟೆಯ ರಂಧ್ರಗಳು ಕಟ್ಟಿಕೊಂಡು ಒಂದು ಭಾಗದ ನೊರೆ ತೊಳೆಯದೆಯೇ ಹೊರಬೀಳುವುದು ಸಾಮಾನ್ಯ. ಕೆಸರನ್ನು ತಳಕ್ಕಿಳಿಸಿ ನೀರನ್ನು ಮರಳಿಸುವ ತೊಟ್ಟಿಯಾದ ಥಿಕ್‌ನರಿನಿಂದ ಬರುವ ಕಲಕು ನೀರನ್ನೇ ತೊಳೆನೀರಾಗಿ ಬಳಸುವ ಘಟಕಗಳಲ್ಲಿ ಜೇಡಿಯನ್ನು ಜೇಡಿಯಿಂದಲೇ ತೊಳೆಯುವ ಸ್ಥಿತಿ ಇರುತ್ತದೆ; ಅಲ್ಲಿ ತೊಳೆನೀರಿಗೆ ಪ್ರತ್ಯೇಕ ಶುದ್ಧ ನೀರಿನ ಸಾಲು ಹಾಕಿಸುವುದೊಂದೇ ದಾರಿ.

ಇಷ್ಟಾದರೂ ಬೂದಿ ಇಳಿಯದಿದ್ದರೆ ದೋಷ ಯಂತ್ರದ್ದೋ ಕಲ್ಲಿದ್ದಲಿನದೋ ಎಂಬುದನ್ನು ಪ್ರಯೋಗಾಲಯದ ರಿಲೀಸ್ ಅನಾಲಿಸಿಸ್ ಹೇಳುತ್ತದೆ. ಅದೇ ಫೀಡನ್ನು ಸಣ್ಣ ಸೆಲ್ಲಿನಲ್ಲಿ ಮತ್ತೆ ಮತ್ತೆ ತೇಲಿಸಿ ಶುದ್ಧಗೊಳಿಸಿ, ಆ ಬಳಿಕ ಹಂತಹಂತವಾಗಿ ಬೇರ್ಪಡಿಸಿ, ಪ್ರತಿ ಬೂದಿ ಮಟ್ಟದಲ್ಲಿ ದೊರೆಯಬಹುದಾದ ಅತಿ ಹೆಚ್ಚಿನ ಇಳುವರಿಯ ರೇಖೆಯನ್ನು ಎಳೆಯಲಾಗುತ್ತದೆ. ಘಟಕದ ಫಲಿತಾಂಶ ಆ ರೇಖೆಗೆ ಹತ್ತಿರವಿದ್ದೂ ಬೂದಿ ಹೆಚ್ಚಿದ್ದರೆ ಘಟಕ ತನ್ನ ಕೆಲಸ ಮಾಡುತ್ತಿದೆ, ಕಲ್ಲಿದ್ದಲು ಮಾತ್ರ ಬದಲಾಗಿದೆ. ಅಂಥ ಸಂದರ್ಭದಲ್ಲಿ ಆಪರೇಟರನನ್ನು ದೂರುವುದು ಅನ್ಯಾಯ. ಫೀಡಿನ ಮಿಶ್ರಣದ ಬಗ್ಗೆ ಗಣಿಯವರೊಡನೆ ಮಾತಾಡಬೇಕು. ಉಕ್ಕಿನ ಕಾರ್ಖಾನೆಗೆ ಹೋಗುವ ಕೋಕಿಂಗ್ ಕಲ್ಲಿದ್ದಲಿನ ಶ್ರೇಣೀಕರಣದಲ್ಲಿ ಶೇ. 15ರಿಂದ 18ರ ಬೂದಿಯವರೆಗೆ ಸ್ಟೀಲ್ ಗ್ರೇಡ್ ಎರಡು, ಅದರಾಚೆ ವಾಷರಿ ಗ್ರೇಡ್‌ಗಳು ಆರಂಭವಾಗುತ್ತವೆ. ಹಾಗಾಗಿ ಈ ಗಡಿಯ ಬಳಿ ಒಂದೆರಡು ಶೇಕಡಾ ವ್ಯತ್ಯಾಸವೂ ಹಗುರವಾಗಿ ನೋಡುವಂಥದ್ದಲ್ಲ.

ಟೇಲಿಂಗ್ಸ್ ಕಪ್ಪಗಾದಾಗ

ಮೊದಲು ಎಣ್ಣೆ ಮತ್ತು ಫ್ರಾದರ್ ನಿಜವಾಗಿ ಬೀಳುತ್ತಿರುವ ಪ್ರಮಾಣವನ್ನು ಅಳತೆ ಸಿಲಿಂಡರಿನಲ್ಲಿ ಹಿಡಿದು ನೋಡಬೇಕು. ಡೋಸಿಂಗ್ ಪಂಪಿನ ಫಲಕ ತೋರಿಸುವ ಅಂಕಿಯನ್ನು ನಂಬಬಾರದು. ಗಂಟೆಗೆ 400 ಘನ ಮೀಟರ್ ಹರಿವು ಮತ್ತು ಶೇ. 8ರ ಘನಾಂಶ ಇದ್ದರೆ ಒಣ ಪುಡಿ ಗಂಟೆಗೆ ಸುಮಾರು 33 ಟನ್ ಆಗುತ್ತದೆ. ಟನ್ನಿಗೆ ಒಂದು ಕೆ.ಜಿ. ಡೀಸೆಲ್ ಎಂದರೆ ಗಂಟೆಗೆ ಹತ್ತಿರಹತ್ತಿರ 40 ಲೀಟರ್, ಅಂದರೆ ನಿಮಿಷಕ್ಕೆ 650 ಮಿಲಿಲೀಟರ್ ಆಸುಪಾಸು. ಟನ್ನಿಗೆ 100 ಗ್ರಾಂ ಎಂಐಬಿಸಿ (ಆಲ್ಕೋಹಾಲ್ ಬಗೆಯ ಒಂದು ಫ್ರಾದರ್) ಎಂದರೆ ನಿಮಿಷಕ್ಕೆ 70 ಮಿಲಿಲೀಟರಿನಷ್ಟು. ಇಷ್ಟು ಸಣ್ಣ ಹರಿವುಗಳಲ್ಲಿ ಸೋಸುಬಲೆಗೆ ಕಸ ಕಟ್ಟುವುದು, ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು, ಟ್ಯಾಂಕಿನ ತಳದಲ್ಲಿ ನೀರು ಶೇಖರವಾಗಿ ಡೀಸೆಲ್ ಬದಲು ನೀರೇ ಹೋಗುವುದು ಇವೆಲ್ಲ ಹೊರಗಿನಿಂದ ಕಾಣುವುದಿಲ್ಲ. ಎಂಐಬಿಸಿ ಸುಮಾರು 41 ಡಿಗ್ರಿಯಲ್ಲೇ ಬೆಂಕಿ ಹಿಡಿಯಬಲ್ಲ ಆವಿ ಕೊಡುವುದರಿಂದ, ಝರಿಯಾದ ಬೇಸಿಗೆಯಲ್ಲಿ ಈ ಅಳತೆಯನ್ನು ಬೀಡಿ, ವೆಲ್ಡಿಂಗ್ ಯಾವುದೂ ಹತ್ತಿರ ಇಲ್ಲದಂತೆ ನೋಡಿಕೊಂಡೇ ಮಾಡಬೇಕು.

ಎಣ್ಣೆ ಕಡಿಮೆಯಾದಾಗ ನೊರೆಯ ಮೇಲೆ ದೊಡ್ಡ, ಗಾಜಿನಂತೆ ಪಾರದರ್ಶಕವಾದ, ಕಲ್ಲಿದ್ದಲಿಲ್ಲದ ಗುಳ್ಳೆಗಳು ಕಾಣುತ್ತವೆ. ಎಣ್ಣೆ ಅತಿಯಾದಾಗ ನೊರೆಯೇ ಕುಸಿಯುತ್ತದೆ, ಏಕೆಂದರೆ ಡೀಸೆಲ್ ನೊರೆಯನ್ನು ಮುರಿಯುವ ಗುಣವುಳ್ಳದ್ದು. ಕುಸಿದ ನೊರೆಯನ್ನು ನೋಡಿ ಫ್ರಾದರ್ ಏರಿಸುವುದು, ಮತ್ತೆ ಎಣ್ಣೆ ಏರಿಸುವುದು ಹೀಗೆ ಎರಡೂ ಏರುತ್ತ ಹೋಗುವ ಪಾಳಿಗಳನ್ನು ಅನೇಕ ಕಡೆ ಕಾಣಬಹುದು. ಅಲ್ಲಿ ಎರಡನ್ನೂ ಒಟ್ಟಿಗೆ ಹಳೆಯ ಮಟ್ಟಕ್ಕೆ ಇಳಿಸಿ, ಹೊಸದಾಗಿ ಆರಂಭಿಸುವುದು ಒಳ್ಳೆಯದು. ದಪ್ಪ ಕಣ ಕಳೆದುಹೋಗುತ್ತಿದ್ದರೆ ಒಟ್ಟು ಎಣ್ಣೆಯನ್ನು ಹೆಚ್ಚಿಸದೆ, ಅದರ ಮೂರನೇ ಒಂದು ಭಾಗವನ್ನು ಸಾಲಿನ ನಡುವಿನ ಸೆಲ್ಲಿಗೆ ಬಿಟ್ಟು ನೋಡಬೇಕು. ಮೊದಲ ಸೆಲ್ಲಿನಲ್ಲೇ ಎಲ್ಲ ಎಣ್ಣೆಯನ್ನು ಸಣ್ಣ ಕಣಗಳು ತಮ್ಮ ಅಪಾರ ಮೇಲ್ಮೈಯಿಂದ ಹೀರಿಕೊಂಡುಬಿಡುವುದನ್ನು ಇದು ತಪ್ಪಿಸುತ್ತದೆ. ಸೆಲ್ಲಿಗೆ ಮೊದಲು ಎಣ್ಣೆಯನ್ನು ಪುಡಿಯೊಂದಿಗೆ ಬೆರೆಸುವ ಕಂಡಿಷನರ್ ಟ್ಯಾಂಕಿನ ಕಲಕಿ ಓಡುತ್ತಿದೆಯೇ, ಟ್ಯಾಂಕಿನ ತಳದಲ್ಲಿ ಪುಡಿ ಕಟ್ಟಿ ಅದರ ಗಾತ್ರ ಕುಗ್ಗಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಬೇಕು, ಏಕೆಂದರೆ ನೀರಿನಲ್ಲಿ ಕರಗದ ಡೀಸೆಲ್ ಸಣ್ಣ ಹನಿಗಳಾಗಿ ಒಡೆದು ಕಣಗಳನ್ನು ತಲುಪಬೇಕಾದರೆ ಬಿರುಸಾದ ಕಲಕು ಮತ್ತು ಒಂದೆರಡು ನಿಮಿಷದ ಕಾಲಾವಕಾಶ ಎರಡೂ ಬೇಕು.

ಗಾಳಿಯ ದೋಷ ಅಡಗಿರುವುದು ಹೆಚ್ಚು. ತಾನೇ ಗಾಳಿ ಹೀರುವ ಮಾದರಿಯ ಸೆಲ್‌ಗಳಲ್ಲಿ ರೋಟರ್ ಮತ್ತು ಅದರ ಸುತ್ತಲಿನ ಸ್ಟೇಟರ್ ಸವೆದಂತೆ ಗಾಳಿ ನಿಧಾನವಾಗಿ, ತಿಂಗಳುಗಳ ಕಾಲ ಇಳಿಯುತ್ತ ಬರುತ್ತದೆ. ಯಾವ ಒಂದು ದಿನವೂ ಬದಲಾವಣೆ ಎದ್ದುಕಾಣುವುದಿಲ್ಲ. ಪಲ್ಪ್ ಮಟ್ಟ ಹೆಚ್ಚಾದರೂ, ಬೆಲ್ಟ್ ಜಾರಿದರೂ ಹೀರುವಿಕೆ ಕುಗ್ಗುತ್ತದೆ. ಮೋಟಾರ್ ರಿಪೇರಿ ಮಾಡಿ ಮತ್ತೆ ಜೋಡಿಸಿದ ಬಳಿಕ ಒಂದೇ ಸೆಲ್ಲಿನ ನೊರೆ ಸತ್ತಂತಿದ್ದರೆ ರೋಟರ್ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದನ್ನು ಮೊದಲು ನೋಡಿ. ವಿದ್ಯುತ್ತಿನ ಎರಡು ತಂತಿಗಳು ಅದಲುಬದಲಾದರೆ ರೋಟರ್ ಹಿಂದುಮುಂದಾಗಿ ತಿರುಗುತ್ತದೆ, ಓಡುತ್ತಿರುವಂತೆಯೇ ಕೇಳಿಸುತ್ತದೆ. ಬ್ಲೋವರಿನಿಂದ ಗಾಳಿ ಪಡೆಯುವ ಸೆಲ್‌ಗಳಲ್ಲಿ ಗಾಳಿ ಸೋಸುಕ ಮತ್ತು ಪ್ರತಿ ಸೆಲ್ಲಿನ ವಾಲ್ವನ್ನು ಪರಿಶೀಲಿಸಬೇಕು. ಗಾಳಿಯನ್ನು ಅಳೆಯುವ ಸರಳ ವಿಧಾನವೆಂದರೆ ನೀರು ತುಂಬಿದ ಪಾರದರ್ಶಕ ಕೊಳವೆಯೊಂದನ್ನು ತೆರೆದ ಬಾಯಿ ಕೆಳಗಾಗಿ ನೊರೆಯ ಕೆಳಗಿನ ಪಲ್ಪಿನಲ್ಲಿ ಅದ್ದಿ, ಒಳಗೆ ಸೇರುವ ಗುಳ್ಳೆಗಳು ನಿಗದಿತ ಎತ್ತರದ ನೀರನ್ನು ಎಷ್ಟು ಸೆಕೆಂಡಿನಲ್ಲಿ ಹೊರದೂಡುತ್ತವೆ ಎಂದು ಎಣಿಸುವುದು. ಸಾಲಿನ ಎಲ್ಲ ಸೆಲ್‌ಗಳಲ್ಲಿ ಇದನ್ನು ಮಾಡಿ ಹೋಲಿಸಿದರೆ ಹಿಂದುಳಿದ ಸೆಲ್ ತಾನಾಗಿಯೇ ಗೊತ್ತಾಗುತ್ತದೆ. ರೋಟರನ್ನು ಕೈಯಿಂದ ಮುಟ್ಟಿ ನೋಡುವ ಮುನ್ನ ವಿದ್ಯುತ್ ಕಡಿದು ಬೀಗ ಹಾಕಿರಬೇಕು. ಈ ವಿಷಯದಲ್ಲಿ ಯಾವ ಅವಸರಕ್ಕೂ ರಿಯಾಯಿತಿ ಇಲ್ಲ.

ಹರಿವಿನ ಲೆಕ್ಕವೂ ಸರಳವೇ. 8 ಘನ ಮೀಟರಿನ ನಾಲ್ಕು ಸೆಲ್‌ಗಳ ಸಾಲಿನಲ್ಲಿ ಗಾಳಿ ಮತ್ತು ಯಂತ್ರದ ಭಾಗಗಳನ್ನು ಬಿಟ್ಟು ಸುಮಾರು 27 ಘನ ಮೀಟರ್ ಪಲ್ಪ್ ಹಿಡಿಯುತ್ತದೆನ್ನಿ. ಗಂಟೆಗೆ 400 ಘನ ಮೀಟರ್ ಹರಿದರೆ ಕಣಕ್ಕೆ 4 ನಿಮಿಷ ಸಿಗುತ್ತದೆ. 600 ಆದರೆ 2.7 ನಿಮಿಷ ಮಾತ್ರ. ಎರಡು ಸಾಲುಗಳಿರುವ ಕಡೆ ವಿತರಣಾ ಪೆಟ್ಟಿಗೆಯ ಒಂದು ಬಾಯಿ ಅರ್ಧ ಮುಚ್ಚಿ ಇನ್ನೊಂದು ಸಾಲಿನ ಮೇಲೆ ಭಾರ ಬಿದ್ದಿದ್ದರೂ ಒಟ್ಟು ಹರಿವಿನ ಮೀಟರ್ ಅದನ್ನು ತೋರಿಸುವುದಿಲ್ಲ. ಎರಡು ಸಾಲುಗಳ ಟೇಲಿಂಗ್ಸನ್ನು ಬೇರೆಬೇರೆಯಾಗಿ ಪರೀಕ್ಷಿಸಿದರೆ ಸಾಕು.

ಉತ್ಕರ್ಷಣಗೊಂಡ ಕಲ್ಲಿದ್ದಲು

ಮೇಲಿನ ಎಲ್ಲವೂ ಸರಿಯಿದ್ದೂ ಎಲ್ಲ ಗಾತ್ರಗಳ ಕಲ್ಲಿದ್ದಲು ಟೇಲಿಂಗ್ಸಿಗೆ ಹೋಗುತ್ತಿದ್ದರೆ, ಕಲ್ಲಿದ್ದಲಿನ ಮೇಲ್ಮೈಯನ್ನೇ ಅನುಮಾನಿಸಬೇಕು. ಗಾಳಿ, ಬಿಸಿಲು, ಮಳೆಗೆ ಒಡ್ಡಿಕೊಂಡ ಕಲ್ಲಿದ್ದಲಿನ ಮೇಲ್ಮೈಯಲ್ಲಿ ಆಮ್ಲಜನಕವುಳ್ಳ ಗುಂಪುಗಳು ಬೆಳೆದು ಅದು ನೀರನ್ನು ಪ್ರೀತಿಸತೊಡಗುತ್ತದೆ. ಡೀಸೆಲ್ ಅದರ ಮೇಲೆ ಹರಡುವುದಿಲ್ಲ. ಝರಿಯಾದಲ್ಲಿ ಇದಕ್ಕೆ ಅವಕಾಶ ಹೆಚ್ಚು. ಅಲ್ಲಿ 1916ರಿಂದಲೂ ನೆಲದಡಿಯ ಬೆಂಕಿ ದಾಖಲಾಗಿದೆ, ತೆರೆದ ಗಣಿಗಳಲ್ಲಿ ನೆಲಕ್ಕೆ ಹತ್ತಿರದ ಪದರಗಳನ್ನು ಅಗೆಯಲಾಗುತ್ತದೆ, ಹಿಂದೆ ಒಳಗಣಿಗಳಲ್ಲಿ ಬಿಟ್ಟುಹೋದ ಕಂಬಗಳ ಕಲ್ಲಿದ್ದಲೂ ಫೀಡಿಗೆ ಬರುತ್ತದೆ. ಪ್ರಾಚೀನ ಅಗ್ನಿಶಿಲೆಯ ಒಳನುಗ್ಗುವಿಕೆಯಿಂದ ಸುಟ್ಟು ಸಹಜ ಕೋಕ್ ಆದ ಝಾಮಾ ಎಂಬ ವಸ್ತುವೂ ಆ ಭಾಗದ ಪದರಗಳಲ್ಲಿ ಸಿಗುತ್ತದೆ, ಅದು ಬೆರೆತರೆ ಕಲ್ಲಿದ್ದಲಿನ ನಡತೆ ಬದಲಾಗುತ್ತದೆ.

ಪತ್ತೆಗೆ ಎರಡು ಪರೀಕ್ಷೆಗಳಿವೆ. ಪುಡಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಿ ಸೋಸಿದಾಗ ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ ಹ್ಯೂಮಿಕ್ ಆಮ್ಲಗಳು ಕರಗಿ ಬಂದಿವೆ, ಅಂದರೆ ಉತ್ಕರ್ಷಣ ನಡೆದಿದೆ. ತಾಜಾ ಕೋಕಿಂಗ್ ಕಲ್ಲಿದ್ದಲಿನಿಂದ ಬರುವ ದ್ರಾವಣ ಬಹುತೇಕ ಬಣ್ಣರಹಿತವಾಗಿರುತ್ತದೆ. ಎರಡನೆಯದು ಇನ್ನೂ ನೇರವಾದದ್ದು: ಅನುಮಾನದ ಕಲ್ಲಿದ್ದಲು ಮತ್ತು ಒಳಗಣಿಯಿಂದ ಅದೇ ದಿನ ತಂದ ತಾಜಾ ಕಲ್ಲಿದ್ದಲು ಇವೆರಡನ್ನೂ ಒಂದೇ ಗಾತ್ರಕ್ಕೆ ಪುಡಿ ಮಾಡಿ, ಪ್ರಯೋಗಾಲಯದ ಸೆಲ್ಲಿನಲ್ಲಿ ಒಂದೇ ಪ್ರಮಾಣದ ಎಣ್ಣೆ ಮತ್ತು ಫ್ರಾದರಿನೊಂದಿಗೆ, ಒಂದೇ ನೀರಿನಲ್ಲಿ ತೇಲಿಸಿ ಹೋಲಿಸಬೇಕು. ಧನಬಾದ್ ಬಳಿಯ ದಿಗ್ವಾಡಿಯಲ್ಲಿರುವ ಕೇಂದ್ರೀಯ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಯ ಆವರಣದಂಥ ಪರಿಣತ ಪ್ರಯೋಗಾಲಯಗಳು ಆ ಸೀಮೆಯಲ್ಲೇ ಇರುವುದು ಅಲ್ಲಿಯ ಎಂಜಿನಿಯರುಗಳಿಗೆ ಅನುಕೂಲ.

ಉತ್ಕರ್ಷಣ ಖಚಿತವಾದರೆ ಪರಿಹಾರ ಸೀಮಿತ. ಎಣ್ಣೆಯನ್ನು ಹೆಚ್ಚಿಸುವುದು, ಅದನ್ನು ಎಮಲ್ಶನ್ ಮಾಡಿ (ಮೊದಲೇ ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿ) ಕೊಡುವುದು, ಆಮ್ಲಜನಕದ ಗುಂಪುಗಳಿಗೆ ಅಂಟಬಲ್ಲ ಧ್ರುವೀಯ ಕಾರಕವನ್ನು ಬೆರೆಸುವುದು ಇವು ಸ್ವಲ್ಪ ಮಟ್ಟಿಗೆ ನೆರವಾಗುತ್ತವೆ. ಆದರೆ ಹಾಳಾದ ಮೇಲ್ಮೈಯನ್ನು ಕಾರಕದ ಖರ್ಚಿನಿಂದ ಪೂರ್ತಿ ಸರಿಪಡಿಸಬಹುದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಳೆಗಾಲಕ್ಕೆ ಮೊದಲೇ ಹಳೆಯ ರಾಶಿಗಳನ್ನು ಖಾಲಿ ಮಾಡುವುದು, ಅಂಥ ಕಲ್ಲಿದ್ದಲನ್ನು ತಾಜಾ ಕಲ್ಲಿದ್ದಲಿನ ಜೊತೆ ಸಣ್ಣ ಪ್ರಮಾಣದಲ್ಲಿ ಮಾತ್ರ ಬೆರೆಸುವುದು ಹೆಚ್ಚು ಫಲ ಕೊಡುತ್ತದೆ.

ಸುತ್ತಿ ಬರುವ ನೀರು

ವಾಷರಿಯ ನೀರು ಥಿಕ್‌ನರಿನ ಮೂಲಕ ಸುತ್ತಿ ಸುತ್ತಿ ಮತ್ತೆ ಬರುತ್ತದೆ, ಹಾಗಾಗಿ ಎಲ್ಲೋ ಆದ ತಪ್ಪು ತೇಲಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ಥಿಕ್‌ನರಿನಲ್ಲಿ ಸಣ್ಣ ಕಣಗಳನ್ನು ಗೊಂಚಲಾಗಿಸಿ ಬೇಗ ಮುಳುಗಿಸುವ ಫ್ಲಾಕ್ಯುಲೆಂಟ್ ಅಗತ್ಯಕ್ಕಿಂತ ಹೆಚ್ಚಾದರೆ ಉಳಿದ ಪಾಲಿಮರ್ ನೀರಿನೊಂದಿಗೆ ತೇಲಿಕೆಗೆ ಬಂದು ಜೇಡಿ ಮತ್ತು ಸಣ್ಣ ಕಲ್ಲಿದ್ದಲನ್ನು ಒಂದೇ ಗೊಂಚಲಾಗಿ ಕಟ್ಟಿಹಾಕುತ್ತದೆ. ಆಗ ಎರಡೂ ದೂರುಗಳು ಒಟ್ಟಿಗೆ ಬರುತ್ತವೆ: ಬೂದಿಯೂ ಏರುತ್ತದೆ, ಟೇಲಿಂಗ್ಸೂ ಕಪ್ಪಗಾಗುತ್ತದೆ. ಎರಡೂ ಜೊತೆಯಾಗಿ ಬಂದರೆ ನೀರನ್ನು ಮೊದಲು ಅನುಮಾನಿಸಿ ಎಂದು ಹೇಳುವಷ್ಟು ಇದು ಖಚಿತವಾದ ಗುರುತು. ಪರೀಕ್ಷೆ ಸುಲಭ, ಒಂದೇ ಕಲ್ಲಿದ್ದಲನ್ನು ಘಟಕದ ನೀರಿನಲ್ಲೊಮ್ಮೆ, ನಲ್ಲಿಯ ನೀರಿನಲ್ಲೊಮ್ಮೆ ತೇಲಿಸಿ ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಗ್ಲೈಕಾಲ್ ಬಗೆಯ ಫ್ರಾದರ್‌ಗಳು ನೀರಿನಲ್ಲಿ ಬಹಳ ಹೊತ್ತು ಉಳಿಯುವುದರಿಂದ ಸುತ್ತುನೀರಿನಲ್ಲಿ ಶೇಖರವಾಗುತ್ತ ಹೋಗುತ್ತವೆ. ಡೋಸಿಂಗ್ ನಿಲ್ಲಿಸಿದ ಮೇಲೂ ನೊರೆ ಎದ್ದೇ ಬರುತ್ತಿದ್ದರೆ, ಲಾಂಡರಿನಲ್ಲಿ ಒಡೆಯದೆ ಸಂಪಿನಿಂದ ಉಕ್ಕಿ ಪಂಪಿಗೆ ಗಾಳಿ ಹಿಡಿಸುತ್ತಿದ್ದರೆ ಇದೇ ಕಾರಣ. ತೊಳೆದ ಪುಡಿಯ ನೀರನ್ನು ವೇಗವಾಗಿ ಸುತ್ತಿಸಿ ಬಸಿಯುವ ಸ್ಕ್ರೀನ್ ಬೌಲ್ ಸೆಂಟ್ರಿಫ್ಯೂಜ್ ಇರುವ ಘಟಕಗಳಲ್ಲಿ ಅದರಿಂದ ಹೊರಬೀಳುವ ಕಲಕು ನೀರನ್ನು ಫೀಡಿಗೆ ಮರಳಿಸುವ ಪೈಪನ್ನೂ ಪತ್ತೆಹಚ್ಚಬೇಕು. ಆ ನೀರಿನಲ್ಲಿರುವ ಅತಿ ಸಣ್ಣ, ಹೆಚ್ಚು ಬೂದಿಯ ಕಣಗಳಿಗೆ ಹೊರಹೋಗುವ ದಾರಿ ಇಲ್ಲದೆ ಪ್ರತಿ ಸುತ್ತಿನಲ್ಲೂ ಅವುಗಳ ಪ್ರಮಾಣ ಏರುತ್ತದೆ. ಅದನ್ನು ಒಂದು ಪಾಳಿಯ ಮಟ್ಟಿಗೆ ಥಿಕ್‌ನರಿಗೆ ತಿರುಗಿಸಿ ತೊಳೆದ ಕಲ್ಲಿದ್ದಲಿನ ಬೂದಿ ಇಳಿಯುವುದೇ ಎಂದು ನೋಡುವುದು ಅತ್ಯಂತ ಉಪಯುಕ್ತ ಪ್ರಯೋಗ.

ಬದಲಾವಣೆಯ ನಂತರ

ಒಮ್ಮೆಗೆ ಒಂದನ್ನೇ ಬದಲಿಸಬೇಕು, ಬದಲಿಸಿದ ವೇಳೆಯನ್ನು ಪಾಳಿಯ ಪುಸ್ತಕದಲ್ಲಿ ಬರೆಯಬೇಕು. ಎಣ್ಣೆ, ಗಾಳಿ, ಪಲ್ಪ್ ಮಟ್ಟಗಳಲ್ಲಿ ಮಾಡಿದ ಬದಲಾವಣೆಯ ಫಲವನ್ನು ಸಾಲಿನೊಳಗಿನ ಪಲ್ಪ್ ಮೂರು ನಾಲ್ಕು ಬಾರಿ ಪೂರ್ತಿ ಬದಲಾಗುವಷ್ಟು ಕಾಲ, ಅಂದರೆ ಮೇಲಿನ ಉದಾಹರಣೆಯಲ್ಲಿ ಕಾಲು ಗಂಟೆಯಷ್ಟು, ಕಾದು ನಂತರ ಮಾದರಿ ತೆಗೆದು ನಿರ್ಣಯಿಸಬಹುದು. ನೀರಿಗೆ ಸಂಬಂಧಿಸಿದ ಬದಲಾವಣೆಗೆ ಈ ಅವಧಿ ಸಾಲದು. ಥಿಕ್‌ನರಿನ ನೀರೆಲ್ಲ ಬದಲಾಗಲು ಗಂಟೆಗಟ್ಟಲೆ ಹಿಡಿಯುವುದರಿಂದ, ಫ್ಲಾಕ್ಯುಲೆಂಟ್ ಇಳಿಸಿದ ಪಾಳಿಯಲ್ಲಿ ಏನೂ ಕಾಣದಿದ್ದರೂ ಮುಂದಿನ ಪಾಳಿಯವರು ಅದನ್ನು ಮತ್ತೆ ಏರಿಸದಂತೆ ಪುಸ್ತಕದಲ್ಲಿ ಕಾರಣಸಹಿತ ಬರೆದು, ಪಾಳಿ ಬದಲಾಗುವಾಗ ಬಾಯಿಮಾತಿನಲ್ಲೂ ತಿಳಿಸಿ ಹೋಗಬೇಕು.